ಎಷ್ಟಕ್ಕೆ ಕೊಡ್ತೀರಾ?

ಮೊದಲು ಒಂದು ಲೆಕ್ಕ ಹೇಳ್ತೀನಿ. ಉತ್ತರ ಈಗಲೇ ಬೇಡ, ಕೊನೆಗೆ ಹೇಳಿದರೆ ಸಾಕು.

ಬೆಂಗಳೂರಲ್ಲಿ ಒಬ್ಬಳು ಹುಡುಗಿ ಇದ್ದಾಳೆ ಅಂದ್ಕೊಳ್ಳಿ. ಒಳ್ಳೆ ಕೆಲಸ, ಒಳ್ಳೆ ಸಂಬಳ. ಅವಳಿಗೆ ಹಳೇ ಬಟ್ಟೆ ಅಂದರೆ ಪ್ರಾಣ. ಮಾಲ್‌ನಲ್ಲಿ ಸಾಲಾಗಿ ತೂಗುಹಾಕಿರೋ ಹೊಸ ಬಟ್ಟೆ ಅವಳ ಕಣ್ಣಿಗೆ ಬೀಳಲ್ಲ. ಮೂವತ್ತು ನಲವತ್ತು ವರ್ಷ ಹಿಂದಿನದ್ದು ಬೇಕು, ಈಗ ಯಾರೂ ಆ ಥರ ಮಾಡದೇ ಇರುವಂಥದ್ದು ಬೇಕು. ಇಂಥವಳು ಒಂದು ಭಾನುವಾರ ಗೆಳತಿಯ ಜೊತೆ ತುಮಕೂರಿಗೆ ಸ್ವಲ್ಪ ಮುಂಚೆ, ಹಿರೇಹಳ್ಳಿ ಹತ್ತಿರದ ಒಂದು ಊರಿಗೆ ಬರ್ತಾಳೆ. ಗೆಳತಿಯ ಪಕ್ಕದ ಮನೆ ಅಜ್ಜಿ ಮಾತಾಡ್ತಾ ಮಾತಾಡ್ತಾ ತನ್ನ ಟ್ರಂಕು ತೆಗೆದು ತೋರಿಸ್ತಾಳೆ. ನುಸಿಗುಳಿಗೆ ವಾಸನೆ, ಹಳೇ ಪಂಚೆ, ಮಗುವಿನ ಕುಲಾವಿ. ಎಲ್ಲದರ ಕೆಳಗೆ ಪಂಚೆಯಲ್ಲಿ ಸುತ್ತಿಟ್ಟ ಒಂದು ಮೈಸೂರು ಸಿಲ್ಕ್ ಸೀರೆ. ಧಾರೆಗೆ ಉಟ್ಟಿದ್ದು.

"ಜರಿ ಎಲ್ಲಾ ಕಪ್ಪಗಾಗೈತೆ ಕಣವ್ವ. ಯಾರು ಉಡ್ತಾರೆ ಇದನ್ನ" ಅಂತ ಅಜ್ಜಿ ಸಂಕೋಚ ಪಟ್ಕೊಳ್ತಾಳೆ.

ಹುಡುಗಿಗೆ ಗೊತ್ತು, ಕಪ್ಪಾಗೋದು ಬೆಳ್ಳಿಯ ಗುಣ. ಬೆರಳಲ್ಲಿ ಮೆಲ್ಲಗೆ ಸವರಿ ನೋಡ್ತಾಳೆ. ಒಂದು ಕಡೆ ಎಳೆ ಸವೆದು ಒಳಗಿನ ಬಿಳಿ ಕಾಣ್ತಿದೆ. ತಾಮ್ರದ ಜರಿ ಆಗಿದ್ದರೆ ಕೆಂಪು ಕಾಣಬೇಕಿತ್ತು. ಎದೆ ಹೊಡ್ಕೊಳ್ತಿದೆ, ಮುಖದಲ್ಲಿ ತೋರಿಸಿಕೊಳ್ಳಲ್ಲ.

"ಅಜ್ಜಿ, ಇದನ್ನ ಎಷ್ಟಕ್ಕೆ ಕೊಡ್ತೀರಾ?"

"ಹಳೇದಕ್ಕೆ ಏನಂತ ಕೇಳಾನ? ನೀನೇ ನೋಡಿ ಕೊಡವ್ವ."

ಹುಡುಗಿ ಸಾವಿರ ರೂಪಾಯಿ ಕೊಡ್ತಾಳೆ. ಅಜ್ಜಿ "ಇಷ್ಟೊಂದು ಯಾಕವ್ವ" ಅಂತಾಳೆ, ಕಾಫಿ ಕುಡಿಸಿ ಕಳಿಸ್ತಾಳೆ. ಅದೇ ಸೀರೆಗೆ ನಗರದಲ್ಲಿ ಇಪ್ಪತ್ತು ಸಾವಿರ ಕೊಡೋಕೆ ಜನ ರೆಡಿ ಇದ್ದಾರೆ ಅಂತ ಇಟ್ಕೊಳ್ಳಿ.

ಇದು ನಡೆದ ಕಥೆ ಅಲ್ಲ, ವಾದ ಮಾಡೋಕೆ ಅಂತ ನಾನೇ ಕಟ್ಟಿದ್ದು. ಆದರೆ ಇದರ ಒಂದೊಂದು ತುಂಡೂ ದಿನಾ ಎಲ್ಲೋ ಒಂದು ಕಡೆ ನಡೀತಾನೇ ಇರುತ್ತೆ. ಪ್ರಶ್ನೆ ಇಷ್ಟೇ: ಹುಡುಗಿ ತಪ್ಪು ಮಾಡಿದಳಾ? ಒಂದೂ ಸುಳ್ಳು ಹೇಳಿಲ್ಲ. ಒತ್ತಾಯ ಮಾಡಿಲ್ಲ. ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟಿದ್ದಾಳೆ, ಯಾಕೆಂದರೆ ಅಜ್ಜಿ ಏನೂ ಕೇಳೇ ಇಲ್ಲ. ಇಬ್ಬರೂ ಖುಷಿಯಾಗಿದ್ದಾರೆ. ಹಾಗಿದ್ದೂ ಇದನ್ನ ಓದುವಾಗ ಒಳಗೆಲ್ಲೋ ಸಣ್ಣದಾಗಿ ಚುಚ್ಚುತ್ತಲ್ಲ, ಅದೇನು?

ಹುಡುಗಿಯ ಪರವಾಗಿ ಮೊದಲು ಮಾತಾಡೋಣ, ಯಾಕೆಂದರೆ ಅವಳ ಪರ ಹೇಳೋಕೆ ತುಂಬಾ ಇದೆ.

ವಿಂಟೇಜ್ ಬಟ್ಟೆ ಹುಡುಕೋದು ಅಂದರೆ ಬರೀ ಶಾಪಿಂಗ್ ಅಲ್ಲ, ಅದೊಂದು ವಿದ್ಯೆ. ಲೀವೈಸ್ ಜೀನ್ಸ್ ಸಂಗ್ರಹಿಸುವವರನ್ನ ಕೇಳಿ. ಹಿಂದಿನ ಜೇಬಿನ ಪಕ್ಕದ ಕೆಂಪು ಪಟ್ಟಿಯಲ್ಲಿ ಕಂಪನಿ ಹೆಸರಿನ 'ಇ' ಅಕ್ಷರ ದೊಡ್ಡದಾಗಿದ್ದರೆ ಅದು 1971ಕ್ಕಿಂತ ಹಿಂದಿನದು, ಚಿಕ್ಕದಾಗಿದ್ದರೆ ಆಮೇಲಿನದು ಅಂತಾರೆ. ಒಂದು ಅಕ್ಷರದ ಮೇಲೆ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತೆ. ನಮ್ಮ ಸೀರೆಗಳ ವಿಷಯದಲ್ಲೂ ಹಾಗೇ. ಇಳಕಲ್ ಸೀರೆಯ ಮೈಯನ್ನೂ ಸೆರಗನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರ್ತಾರೆ. ಆ ಕೊಂಡಿಯ ಜಾಗ ನೋಡಿ ಕೈಮಗ್ಗದ್ದಾ ಅಲ್ಲವಾ ಅಂತ ಹೇಳುವವರಿದ್ದಾರೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಹಿಂದುಮುಂದು ತಿರುಗಿಸಿ ನೋಡಿದರೆ ಕೈಯದ್ದಾ ಮೆಷಿನ್‌ದಾ ಅಂತ ಗೊತ್ತಾಗುತ್ತೆ.

ಮೈಸೂರು ಸಿಲ್ಕ್ ಕಥೆ ಇನ್ನೂ ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆ. 1980ರಲ್ಲಿ ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಅಲ್ಲಿನ ಜರಿಯಲ್ಲಿ ಬೆಳ್ಳಿ ಸುಮಾರು 65 ಪರ್ಸೆಂಟು, ಅದರ ಮೇಲೆ ತೆಳ್ಳಗೆ ಚಿನ್ನ. ಈಗ ಒಂದೊಂದು ಸೀರೆಗೂ ಬೇರೆ ಬೇರೆ ಗುರುತಿನ ಸಂಖ್ಯೆ ಹಾಕಿ ಕೊಡ್ತಾರೆ. ಷೋರೂಮ್ ಮುಂದೆ ಬೆಳಗ್ಗೆ ಕ್ಯೂ ನಿಲ್ಲುವಷ್ಟು ಬೇಡಿಕೆ. ಇಷ್ಟೆಲ್ಲ ತಿಳಿದುಕೊಳ್ಳೋಕೆ ಹುಡುಗಿ ವರ್ಷಗಟ್ಟಲೆ ಸಮಯ ಹಾಕಿದ್ದಾಳೆ, ನಕಲಿ ಕೊಂಡು ಕೈ ಸುಟ್ಟುಕೊಂಡಿದ್ದಾಳೆ. ಆ ತಿಳಿವಳಿಕೆ ಅವಳ ಸಂಪಾದನೆ. ಅದರ ಫಲ ಅವಳಿಗೆ ಸಿಗಬಾರದಾ?

ಇನ್ನೊಂದು ವಿಷಯ. ಹುಡುಗಿ ಬರದೇ ಇದ್ದಿದ್ದರೆ ಆ ಸೀರೆಯ ಗತಿ ಏನಾಗ್ತಿತ್ತು? ನಮ್ಮ ಕಡೆ ಬೀದಿಯಲ್ಲಿ "ಹಳೇ ರೇಷ್ಮೆ ಸೀರೆ, ಜರಿ ಸೀರೆ ತಗೊಳ್ತೀವೀ" ಅಂತ ಕೂಗಿಕೊಂಡು ಬರುವವರಿದ್ದಾರೆ. ಅವರಿಗೆ ಸೀರೆ ಬೇಡ, ಬೆಳ್ಳಿ ಬೇಕು. ಜರಿಯ ಅಂಚು ಕತ್ತರಿಸಿ, ಸುಟ್ಟು, ಕರಗಿಸಿ, ಬೆಳ್ಳಿ ತೆಗೆದುಕೊಂಡರೆ ಅಲ್ಲಿಗೆ ಒಂದು ಸೀರೆಯ ಕಥೆ ಮುಗೀತು. ಅದಕ್ಕೂ ಸಿಗದ ಬಟ್ಟೆಗೆ ಸ್ಟೀಲ್ ಪಾತ್ರೆಯವರು ಇದ್ದೇ ಇದ್ದಾರೆ. ಎರಡು ಪ್ಯಾಂಟು, ಮೂರು ಸೀರೆ, ಒಂದು ಶರ್ಟು ಹಾಕಿದರೆ ಒಂದು ಡಬರಿ. ಇಂಥ ಕಡೆ ಹುಡುಗಿ ಬಂದು ಸೀರೆಯನ್ನ ಸೀರೆಯಾಗೇ ಉಳಿಸಿದಳು. ಉಡ್ತಾಳೆ, ಜೋಪಾನ ಮಾಡ್ತಾಳೆ, ಹೊಸದೊಂದು ಕೊಳ್ಳೋದು ತಪ್ಪಿತು. ಪರಿಸರದ ಲೆಕ್ಕದಲ್ಲೂ ಪುಣ್ಯ.

ಕಾನೂನು ಕೂಡ ಬಹುಮಟ್ಟಿಗೆ ಅವಳ ಕಡೆಗೇ ವಾಲುತ್ತೆ. ಇಂಥದ್ದೇ ಒಂದು ಹಳೇ ಕೇಸು ಅಮೆರಿಕದಲ್ಲಿ ಇದೆ. ಇಂಗ್ಲೆಂಡ್ ಜೊತೆ ಯುದ್ಧ ನಡೀತಿದ್ದ ಕಾಲ. ನ್ಯೂ ಆರ್ಲಿಯನ್ಸ್ ಬಂದರಿನಿಂದ ತಂಬಾಕು ಹೊರಗೆ ಹೋಗೋಕೆ ದಾರಿ ಇಲ್ಲ, ಬೆಲೆ ನೆಲ ಕಚ್ಚಿದೆ. 1815ರ ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ ಆರ್ಗನ್ ಅನ್ನೋ ವ್ಯಾಪಾರಿಗೆ, ಊರಿಗೆಲ್ಲ ಗೊತ್ತಾಗೋಕೆ ಸ್ವಲ್ಪ ಮುಂಚೆ, ಶಾಂತಿ ಒಪ್ಪಂದ ಆಗಿರೋ ಸುದ್ದಿ ಸಿಕ್ಕಿತು. ಸೀದಾ ಹೋಗಿ ಹಳೇ ಬೆಲೆಗೇ ರಾಶಿ ತಂಬಾಕು ಖರೀದಿ ಮಾಡಿದ. "ಬೆಲೆ ಏರುವಂಥ ಸುದ್ದಿ ಏನಾದರೂ ಉಂಟಾ" ಅಂತ ಮಾರುವವರ ಕಡೆಯವನು ಕೇಳಿದ್ದನಂತೆ. ಇವನು ಬಾಯಿ ಬಿಡಲಿಲ್ಲ. ಸುದ್ದಿ ಹರಡುತ್ತಿದ್ದ ಹಾಗೇ ಬೆಲೆ 30ರಿಂದ 50 ಪರ್ಸೆಂಟು ಏರಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1817ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೇಳಿದ್ದರ ಸಾರಾಂಶ: ತನಗೆ ಗೊತ್ತಿರೋ ಹೊರಗಿನ ಸುದ್ದಿಯನ್ನ ಕೊಳ್ಳುವವನು ಮಾರುವವನಿಗೆ ಹೇಳಲೇಬೇಕು ಅಂತೇನಿಲ್ಲ, ಆದರೆ ಎದುರಿನವನನ್ನ ಮೋಸಗೊಳಿಸುವ ಮಾತಾಗಲಿ ನಡೆಯಾಗಲಿ ಇರಬಾರದು.

ಇದಕ್ಕಿಂತ ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ರೋಮಿನ ಸಿಸಿರೋ ಇದೇ ಪ್ರಶ್ನೆಯನ್ನ ತಿರುವಿ ಕೇಳಿದ್ದ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವ್ಯಾಪಾರಿ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಡಗುಗಳು ಬರ್ತಿವೆ ಅಂತ ಅವನಿಗೆ ಮಾತ್ರ ಗೊತ್ತು. ಹೇಳಬೇಕಾ? ಬ್ಯಾಬಿಲೋನಿನ ಡಯೋಜಿನಿಸ್, ಹೇಳದೇ ಇರೋದೇ ಬೇರೆ, ಮುಚ್ಚಿಡೋದೇ ಬೇರೆ ಅಂತ ವಾದಿಸ್ತಾನೆ. ಅವನ ಶಿಷ್ಯ ಆಂಟಿಪೇಟರ್ ಹೇಳಲೇಬೇಕು ಅಂತಾನೆ. ಸಿಸಿರೋ ಶಿಷ್ಯನ ಕಡೆ ನಿಲ್ತಾನೆ. ಅಂದರೆ ಇದು ಇನ್‌ಸ್ಟಾಗ್ರಾಮ್ ಕಾಲದ ಹೊಸ ತಲೆನೋವಲ್ಲ.

ಈ ದೊಡ್ಡ ಹೆಸರುಗಳನ್ನೆಲ್ಲ ಪಕ್ಕಕ್ಕಿಟ್ಟು ನಮ್ಮ ಕಡೆಯ ಲೆಕ್ಕ ನೋಡೋಣ. ಹಿರೇಹಳ್ಳಿಯಿಂದ ತುಮಕೂರಿಗೆ ಹೋಗೋ ದಾರಿಯಲ್ಲೇ ಕ್ಯಾತ್ಸಂದ್ರ, ಅಲ್ಲಿಂದ ಒಳಗೆ ಸಿದ್ಧಗಂಗೆ. ಶಿವರಾತ್ರಿ ಹೊತ್ತಿಗೆ ಅಲ್ಲಿ ದನಗಳ ಜಾತ್ರೆ. ನೀವು ನೋಡಿಲ್ಲ ಅಂದರೆ ಒಂದ್ಸಲ ನೋಡಿ. ಎತ್ತಿನ ವ್ಯಾಪಾರ ಬಾಯಲ್ಲಿ ಆಗಲ್ಲ. ದಳ್ಳಾಳಿ ಟವೆಲ್ ಹಾಸಿ, ಅದರ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳ್ತಾನೆ. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಕುದುರಿತು ಅಂತ ಗೊತ್ತಾಗಲ್ಲ. ಇಡೀ ವ್ಯಾಪಾರವೇ ಗುಟ್ಟಿನ ಮೇಲೆ ನಡೆಯೋದು. ಹಲ್ಲು ನೋಡೋದು, ಸುಳಿ ನೋಡೋದು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡೋದು ಕೊಳ್ಳುವವನ ಕೆಲಸ. ನೋಡದೇ ಕೊಂಡು ಬಂದರೆ ಊರವರು ನಗ್ತಾರೆಯೇ ಹೊರತು ಮಾರಿದವನನ್ನ ಬಯ್ಯಲ್ಲ.

ಹಾಗಾದರೆ ಹಳ್ಳಿಯ ನೀತಿಯೂ ಹುಡುಗಿ ಪರವೇ ಅಂತೀರಾ? ಸ್ವಲ್ಪ ತಡೀರಿ. ಜಾತ್ರೆಯಲ್ಲಿ ಮಾರೋಕೆ ನಿಂತ ರೈತನ ಸ್ಥಿತಿ ನೋಡಿ. ಅವನಿಗೆ ತನ್ನ ಎತ್ತು ಏನು ಅಂತ ಗೊತ್ತು. ಈ ವರ್ಷ ಅಂಥ ಜೋಡಿ ಎಷ್ಟಕ್ಕೆ ಹೋಗ್ತಿದೆ ಅಂತ ಗೊತ್ತು, ಗೊತ್ತಿಲ್ಲದಿದ್ದರೆ ಪಕ್ಕದ ಗೂಟದವನನ್ನ ಕೇಳ್ತಾನೆ. ಬೆಲೆ ಸರಿ ಬರಲಿಲ್ಲ ಅಂದರೆ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎತ್ತು ಹೊಡ್ಕೊಂಡು ಮನೆಗೆ ಹೋಗ್ತಾನೆ. ತನ್ನ ವಸ್ತು ಏನು ಅನ್ನೋದರ ಅರಿವು, ಬೇರೆಯವರನ್ನ ಕೇಳುವ ಅವಕಾಶ, ಬೇಡ ಅನ್ನುವ ಧೈರ್ಯ, ಈ ಮೂರು ಇರೋ ಕಡೆ ಚಾಲಾಕಿತನ ಒಂದು ಆಟ. ಇಬ್ಬರು ಜಟ್ಟಿಗಳ ಕುಸ್ತಿ ಇದ್ದ ಹಾಗೆ. ಬಿದ್ದವನು ಮಣ್ಣು ಕೊಡವಿ ಎದ್ದು ಹೋಗ್ತಾನೆ.

ಟ್ರಂಕಿನ ಮುಂದೆ ಕೂತ ಅಜ್ಜಿಗೆ ಈ ಮೂರರಲ್ಲಿ ಎಷ್ಟಿದೆ? ಅವಳಿಗೆ ಸೀರೆಯ ನೆನಪು ಗೊತ್ತು, ಬೆಲೆ ಗೊತ್ತಿಲ್ಲ. ಕೇಳೋಕೆ ಪಕ್ಕದ ಗೂಟ ಇಲ್ಲ. ಇನ್ನು ಮನೆ ಬಾಗಿಲಿಗೆ ಬಂದವಳು, ಅದೂ ಪಕ್ಕದ ಮನೆ ಹುಡುಗಿಯ ಗೆಳತಿ, ಬಾಯಿಬಿಟ್ಟು ಕೇಳಿದಾಗ ಬೇಡ ಅನ್ನೋದು ನಮ್ಮ ಊರುಗಳಲ್ಲಿ ಅಷ್ಟು ಸುಲಭ ಅಲ್ಲ.

ಅವಳಿಗೆ ಬೆಲೆ ಗೊತ್ತಿಲ್ಲದೇ ಇರೋದು ಆಕಸ್ಮಿಕ ಅಲ್ಲ ಅನ್ನೋದು ನನ್ನ ಅನಿಸಿಕೆ. ಹಳೇ ಬಟ್ಟೆ ಅಂದರೆ ಕೀಳು ಅಂತ ಅವಳಿಗೆ ಕಲಿಸಿದ್ದು ನಾವೇ. ನಮ್ಮ ಊರುಗಳಲ್ಲಿ ಹಳೇ ಬಟ್ಟೆ ಯಾವತ್ತೂ ಮೇಲಿನಿಂದ ಕೆಳಕ್ಕೇ ಹರಿದಿದ್ದು. ಯಜಮಾನನ ಮನೆಯ ಹಳೇ ಪಂಚೆ ಆಳಿನ ಮೈಮೇಲೆ, ಅಣ್ಣನ ಹಳೇ ಚಡ್ಡಿ ತಮ್ಮನ ಸೊಂಟಕ್ಕೆ. ತಮ್ಮನದ್ದು ಬಡತನದ ಲೆಕ್ಕ, ಬಿಡಿ. ಆಳಿನದ್ದು ಬರೀ ಬಡತನದ ಲೆಕ್ಕ ಅಲ್ಲ. ಶೂದ್ರನಿಗೆ ಉಂಡು ಮಿಕ್ಕಿದ್ದನ್ನೂ ಹಳೇ ಬಟ್ಟೆಯನ್ನೂ ಕೊಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಬರೆದೇ ಇಟ್ಟಿದ್ದಾರೆ. ಚಂಡಾಲರಿಗೆ ಹೆಣದ ಮೇಲಿನ ಬಟ್ಟೆ ಅಂತ ಅದೇ ಅಧ್ಯಾಯ ಹೇಳುತ್ತೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಪುಸ್ತಕ ಸುಟ್ಟರು. ಇವತ್ತು ನಮ್ಮ ಎಷ್ಟೋ ಊರುಗಳ ಸರ್ಕಲ್‌ನಲ್ಲಿ ಅಂಬೇಡ್ಕರ್ ಪ್ರತಿಮೆ ನೀಲಿ ಸೂಟು ಹಾಕ್ಕೊಂಡು ನಿಂತಿದೆ. ಆ ಸೂಟನ್ನ ಸ್ಟೈಲ್ ಅಂದ್ಕೊಂಡರೆ ಏನೂ ಅರ್ಥ ಆಗಲಿಲ್ಲ ಅಂತಲೇ. ನಿನ್ನ ಮೈಮೇಲಿಂದ ಇಳಿದದ್ದು ನನಗೆ ಬೇಡ ಅಂತ ಹೇಳುವ ಬಟ್ಟೆ ಅದು.

ಆದ್ದರಿಂದ ಹಳೇ ಬಟ್ಟೆ ಹಾಕೋದು ಫ್ಯಾಷನ್ ಆಗಬೇಕಾದರೆ ಮೊದಲು ಹೊಸ ಬಟ್ಟೆ ಕೊಳ್ಳುವ ಶಕ್ತಿ ಇರಬೇಕು. ಇಂದಿರಾನಗರದಲ್ಲಿ ಮೊಣಕೈ ಸವೆದ ಜಾಕೆಟ್ ಹಾಕ್ಕೊಂಡು ಓಡಾಡೋ ನಮ್ಮನ್ನ ಯಾರೂ ಬಡವ ಅಂದ್ಕೊಳ್ಳಲ್ಲ, ಕೈಯಲ್ಲಿರೋ ಫೋನು ನಮ್ಮ ಪರವಾಗಿ ಸಾಕ್ಷಿ ಹೇಳುತ್ತೆ. ಅದೇ ಜಾಕೆಟ್‌ನ ನಮ್ಮೂರಿನ ಕೂಲಿಯವನು ಹಾಕ್ಕೊಂಡರೆ ಅದಕ್ಕೆ ವಿಂಟೇಜ್ ಅನ್ನಲ್ಲ. ಅಜ್ಜಿ "ಜರಿ ಕಪ್ಪಗಾಗೈತೆ" ಅಂತ ನಾಚಿಕೊಂಡಳಲ್ಲ, ಆ ನಾಚಿಕೆ ನೂರಾರು ವರ್ಷದ್ದು. ಅವಳು ಕುಂದು ಅಂತ ತೋರಿಸಿದ್ದೇ ಹುಡುಗಿಗೆ ಬೆಳ್ಳಿಯ ಪುರಾವೆ ಆಯಿತು. ಹುಡುಗಿ ಕೊಂಡಿದ್ದು ಸೀರೆಯೊಂದನ್ನೇ ಅಲ್ಲ, ಜೊತೆಗೆ ಆ ನಾಚಿಕೆಯ ರಿಯಾಯಿತಿಯನ್ನೂ ಪಡೆದಳು. ಇಪ್ಪತ್ತು ಸಾವಿರದ್ದು ಸಾವಿರಕ್ಕೆ ಬಂತಲ್ಲ, ಆ ಹತ್ತೊಂಬತ್ತು ಸಾವಿರ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಅಲ್ಲಿದೆ.

ಇದು ನಿಮಗೆ ತುಂಬಾ ದೂರದ ಮಾತು ಅನ್ನಿಸಿದರೆ, ಹತ್ತಿರದ್ದೊಂದು ಹೇಳ್ತೀನಿ. ಇಂಟರ್‌ವ್ಯೂ ಎಲ್ಲ ರೌಂಡೂ ಮುಗಿದ ಮೇಲೆ ಎಚ್‌ಆರ್ ಫೋನ್ ಬರುತ್ತೆ. ಧ್ವನಿ ತುಂಬಾ ಮೃದು. "ಸೋ, ನಿಮ್ಮ ಎಕ್ಸ್‌ಪೆಕ್ಟೆಡ್ ಸಿಟಿಸಿ ಎಷ್ಟು?" ಆ ಕಡೆಯವರ ಸ್ಕ್ರೀನ್ ಮೇಲೆ ಆ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಕೊಡಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮ ಹತ್ತಿರ ಇರೋದು ಹಳೇ ಸಂಬಳದ ಸ್ಲಿಪ್ಪು, ಒಂದಿಷ್ಟು ಭಯ, ಮನೆ ಸಾಲದ ಕಂತು. ಹಳ್ಳಿ ಕಡೆಯಿಂದ ಬಂದವರಿಗಂತೂ ದೊಡ್ಡ ನಂಬರ್ ಬಾಯಿಂದ ಹೊರಡೋದೇ ಕಷ್ಟ. ಅಪ್ಪ ಇಡೀ ವರ್ಷ ದುಡಿದರೂ ನೋಡದ ದುಡ್ಡನ್ನ ತಿಂಗಳಿಗೆ ಕೇಳೋಕೆ ನಾಲಿಗೆ ಏಳಲ್ಲ. ಒಂದು ನಂಬರ್ ಹೇಳ್ತೀವಿ, ಅವರು ಒಂದೇ ಸಲಕ್ಕೆ ಒಪ್ಪಿಕೊಳ್ತಾರೆ, ನಾವು ಥ್ಯಾಂಕ್ಯೂ ಹೇಳ್ತೀವಿ. ಆರು ತಿಂಗಳಾದ ಮೇಲೆ ಪಕ್ಕದ ಸೀಟಿನವನಿಗೆ, ಅದೇ ಕೆಲಸಕ್ಕೆ, ಅರ್ಧದಷ್ಟು ಜಾಸ್ತಿ ಅಂತ ಗೊತ್ತಾಗುತ್ತೆ.

ಯಾರೂ ಸುಳ್ಳು ಹೇಳಿಲ್ಲ. ಒತ್ತಾಯ ಇಲ್ಲ. ನಾವೇ ಕೇಳಿದ್ದನ್ನ ಅವರು ಕೊಟ್ಟಿದ್ದಾರೆ. ಆದರೂ ಆ ರಾತ್ರಿ ನಿದ್ದೆ ಬರಲ್ಲ. ಮೋಸ ಅಂತ ಹೇಳೋಕೂ ಆಗಲ್ಲ, ಅಲ್ಲ ಅಂತ ಒಪ್ಪೋಕೂ ಆಗಲ್ಲ. "ಎಕ್ಸ್‌ಪೆಕ್ಟೆಡ್ ಎಷ್ಟು?" ಅನ್ನೋದೂ "ಎಷ್ಟಕ್ಕೆ ಕೊಡ್ತೀರಾ?" ಅನ್ನೋದೂ ಒಂದೇ ಪ್ರಶ್ನೆ. ಬೆಲೆ ಗೊತ್ತಿರುವವನು, ಗೊತ್ತಿಲ್ಲದವನ ಬಾಯಿಂದ ಮೊದಲು ನಂಬರ್ ತೆಗೆಸುವ ಪ್ರಶ್ನೆ. ವಾರದ ದಿನಗಳಲ್ಲಿ ನಾವು ಅದರ ಆ ಕಡೆ, ಭಾನುವಾರ ಹಳೇ ಬಟ್ಟೆ ಹುಡುಕೋಕೆ ಹೋದಾಗ ಈ ಕಡೆ. ಆ ಕಡೆ ಇದ್ದಾಗ ಅನ್ಯಾಯ ಅನ್ನಿಸಿದ್ದು ಈ ಕಡೆ ಬಂದಾಗ ಕಣ್ಣಿನ ಚುರುಕುತನ ಆಗಿಬಿಡುತ್ತೆ.

ಹಾಗಾದರೆ ತಿಳಿದವನು ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕೋಕೆ ರೋಮಿಗೆ ಹೋಗಬೇಕಾಗಿಲ್ಲ, ಹಿರೇಹಳ್ಳಿಯಲ್ಲೇ ಒಂದಿದೆ. ಹೆದ್ದಾರಿಯಲ್ಲಿ ಹೋಗುವವರಿಗೆ ಹಿರೇಹಳ್ಳಿ ಅಂದರೆ ಇಂಡಸ್ಟ್ರಿಯಲ್ ಏರಿಯಾ, ಶೆಡ್ಡುಗಳು, ಲಾರಿಗಳು. ಆದರೆ ಅಲ್ಲೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಒಂದು ಪ್ರಯೋಗ ಕೇಂದ್ರ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಎಸ್. ಎಸ್. ಪರಮೇಶ್ ಅನ್ನೋ ರೈತರ ಜಮೀನಿನಲ್ಲಿ ಒಂದು ಹಲಸಿನ ಮರ. ಅವರ ತಂದೆ ಸಿದ್ದಪ್ಪ ನೆಟ್ಟಿದ್ದು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕೆಜಿ. ಕೊಯ್ದರೆ ಒಳಗೆ ತೊಳೆ ತಾಮ್ರದ ಕೆಂಪು. ತಿಂದವರಿಗೆ ರುಚಿ ಗೊತ್ತಿತ್ತು, ನೆಂಟರಿಷ್ಟರಿಗೆ ಹಂಚ್ತಿದ್ದರು. ಆ ಕೆಂಪಿನ ಬೆಲೆ ಗೊತ್ತಾಗಿದ್ದು ವಿಜ್ಞಾನಿಗಳಿಗೆ. ಪರೀಕ್ಷೆ ಮಾಡಿ ನೋಡಿದರೆ ಲೈಕೋಪೀನ್ ಅಂಶ ಚೆನ್ನಾಗಿದೆ, ಇಂಥ ತಳಿ ಅಪರೂಪ.

ಈಗ ಟ್ರಂಕಿನ ಮುಂದೆ ಕೂತ ಹುಡುಗಿಯ ಜಾಗದಲ್ಲಿ ಆ ವಿಜ್ಞಾನಿಗಳನ್ನ ಇಟ್ಟು ನೋಡಿ. ಹಲಸು ಕಸಿ ಕಟ್ಟೋಕೆ ಬೇಕಾಗೋದು ಪೆನ್ಸಿಲ್ ಗಾತ್ರದ ಕಡ್ಡಿ. "ಸ್ವಾಮಿ, ನಾಲ್ಕು ಕಡ್ಡಿ ಕೊಡ್ತೀರಾ?" ಅಂತ ಕೇಳಿದರೆ ನಮ್ಮ ಕಡೆ ಯಾವ ರೈತ ಇಲ್ಲ ಅಂತಾನೆ? ದುಡ್ಡೂ ಬೇಡ, ಜೊತೆಗೆ ಎರಡು ಎಳನೀರು ಬೇರೆ ಕೆತ್ತಿ ಕೊಡ್ತಾನೆ. ಅಷ್ಟರಲ್ಲಿ ಕೆಲಸ ಮುಗಿದು ಹೋಗ್ತಿತ್ತು. ಅವರು ಹಾಗೆ ಮಾಡಲಿಲ್ಲ. ನಿಮ್ಮ ಹತ್ತಿರ ಇರೋದು ಇಂಥದ್ದು ಅಂತ ಹೇಳಿದರು. ತಳಿಗೆ ತಂದೆಯ ನೆನಪಿಗೆ 'ಸಿದ್ದು' ಅಂತ ಹೆಸರಿಟ್ಟರು. 2017ರಲ್ಲಿ ಒಪ್ಪಂದ ಆಯಿತು. ಸಂಸ್ಥೆ ಕಸಿ ಸಸಿ ಬೆಳೆಸಿ ಮಾರೋದು, ಬಂದ ಆದಾಯದಲ್ಲಿ 75 ಪರ್ಸೆಂಟು ರೈತರಿಗೆ. ಆಮೇಲೆ ಆ ಸಸಿಗೆ ಬಂದ ಬೇಡಿಕೆ, ಆ ಕುಟುಂಬಕ್ಕೆ ಬಂದ ಲಕ್ಷಗಳ ಸುದ್ದಿ ಪೇಪರಿನಲ್ಲೆಲ್ಲ ಬಂತು.

ಇದರಲ್ಲಿ ನನಗೆ ಮುಖ್ಯ ಅನ್ನಿಸೋದು ದುಡ್ಡಿನ ಮೊತ್ತ ಅಲ್ಲ. ವಿಜ್ಞಾನಿಗಳು ತಮ್ಮ ವಿದ್ಯೆಯನ್ನ ಬಿಟ್ಟಿ ಕೊಡಲಿಲ್ಲ, ಸಂಸ್ಥೆಗೂ ಪಾಲು ಬಂತು. ಯಾರೂ ಯಾರಿಗೂ ದಾನ ಮಾಡಲಿಲ್ಲ. ತಿಳಿವಳಿಕೆಗೆ ಒಂದು ಪಾಲು, ಮರ ಉಳಿಸಿಕೊಂಡು ಬಂದಿದ್ದಕ್ಕೆ ಒಂದು ಪಾಲು. ಆದರೆ ಪಾಲಿನ ಮಾತು ಶುರುವಾಗಿದ್ದು ಇಬ್ಬರಿಗೂ ಗೊತ್ತಾದ ಮೇಲೆ. ಟವೆಲ್ ಕೆಳಗೆ ಕೈ ಹಾಕೋಕೆ ಮೊದಲು ಇಬ್ಬರ ಕೈಯನ್ನೂ ಸಮ ಮಾಡಿಕೊಂಡರು.

ಇಲ್ಲಿ ಒಳ್ಳೆಯ ಮನಸ್ಸಿನವರು ಜಾರಿ ಬೀಳುವ ಒಂದು ಜಾಗ ಇದೆ. "ಅಯ್ಯೋ, ನಾನಾಗಿದ್ದರೆ ಸಾವಿರದ ಬದಲು ಐದು ಸಾವಿರ ಕೊಟ್ಟು ಬರ್ತಿದ್ದೆ" ಅಂತ ಎಷ್ಟೋ ಜನ ಹೇಳಬಹುದು. ಒಳ್ಳೇದೇ. ಆದರೆ ಹೇಳದೇ ಐದು ಸಾವಿರ ಕೊಟ್ಟರೆ ಅಜ್ಜಿ ಏನಾಗ್ತಾಳೆ? ಋಣಿಯಾಗ್ತಾಳೆ. "ಪಾಪ, ಎಂಥಾ ಹುಡುಗಿ, ಹಳೇ ಸೀರೆಗೆ ಅಷ್ಟೊಂದು ಕೊಟ್ಟಳು" ಅಂತ ಊರೆಲ್ಲ ಹೊಗಳಿಕೊಂಡು ಬರ್ತಾಳೆ. ಕೊಟ್ಟವಳು ದೊಡ್ಡವಳಾಗ್ತಾಳೆ, ಇಸ್ಕೊಂಡವಳು ಇನ್ನೂ ಚಿಕ್ಕವಳಾಗ್ತಾಳೆ. ತನ್ನದೇ ಸೊತ್ತಿನ ಬೆಲೆಯನ್ನ ದಯೆಯ ರೂಪದಲ್ಲಿ ಪಡೆಯೋದು ಎಂಥಾ ವಿಚಿತ್ರ ನೋಡಿ. ಯಜಮಾನನ ಮನೆಯ ಹಳೇ ಪಂಚೆಯ ಲೆಕ್ಕಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ. ಜಾಸ್ತಿ ಕೊಟ್ಟರೆ ಅದು ಉಪಕಾರ. "ಅಜ್ಜಿ, ಇದು ಬೆಳ್ಳಿ ಜರಿ, ಪೇಟೆಯಲ್ಲಿ ಇಷ್ಟಕ್ಕೆ ಹೋಗುತ್ತೆ" ಅಂತ ಹೇಳಿದರೆ ಮಾತ್ರ ಅದು ವ್ಯಾಪಾರ. ಹೇಳಿದ ಮೇಲೆ ಅಜ್ಜಿ ಹತ್ತು ಸಾವಿರಕ್ಕೆ ಕೊಟ್ಟರೂ ಸರಿ, ನಿನ್ನ ಮುಖ ನೋಡಿ ಐನೂರಕ್ಕೇ ಕೊಟ್ಟರೂ ಸರಿ. ಆಗ ಐನೂರಕ್ಕೆ ಕೊಟ್ಟಿದ್ದು ಅವಳ ದೊಡ್ಡತನ. ಈಗ ದಾನ ಮಾಡಿದವಳು ಅಜ್ಜಿ.

ಹೇಳೋದರಲ್ಲಿ ಒಂದು ಅಪಾಯ ಇದೆ, ಅದನ್ನ ಮುಚ್ಚಿಡಲ್ಲ. ಗೊತ್ತಾದ ಮೇಲೆ ಅಜ್ಜಿ ಸೀರೆಯನ್ನ ಮತ್ತೆ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿಬಿಡಬಹುದು. "ಹಂಗಾರೆ ಮೊಮ್ಮಗಳ ಮದುವೆಗೆ ಇರಲಿ ಬಿಡವ್ವ" ಅನ್ನಬಹುದು. ಹುಡುಗಿ ಕಾಫಿ ಕುಡಿದು ಬರಿಗೈಲಿ ಬೆಂಗಳೂರಿನ ಬಸ್ಸು ಹತ್ತಬೇಕಾಗುತ್ತೆ. ನಮಗೆ ನಿಜವಾಗಿ ಕಷ್ಟ ಆಗೋದು ಇದೇ. ದುಡ್ಡು ಜಾಸ್ತಿ ಕೊಡೋಕೆ ನಮ್ಮ ಪೀಳಿಗೆ ಅಷ್ಟೊಂದು ಹಿಂದೆ ಮುಂದೆ ನೋಡಲ್ಲ. ಕಣ್ಣಿಗೆ ಬಿದ್ದ ವಸ್ತು ಕೈತಪ್ಪಿ ಹೋಗೋದನ್ನ ಸಹಿಸಲ್ಲ. ಆದರೆ ಗೊತ್ತಾಗಿದ್ದರೆ ಮಾರ್ತಿರಲಿಲ್ಲ ಅನ್ನುವಂಥ ವಸ್ತುವನ್ನ, ಗೊತ್ತಾಗೋಕೆ ಮುಂಚೆ ತಂದರೆ, ಅದು ಕೊಂಡು ತಂದಿದ್ದು ಅನ್ನೋಕೆ ನನಗೆ ಬಾಯಿ ಬರಲ್ಲ.

ಎಲ್ಲಾ ಕಡೆ ಹೀಗೆ ಭಾಷಣ ಬಿಗೀರಿ ಅಂತ ಹೇಳ್ತಿಲ್ಲ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಜೀನ್ಸ್ ರಾಶಿ ಹಾಕ್ಕೊಂಡು ಕೂತವನ ಹತ್ತಿರ ದೊಡ್ಡ 'ಇ' ಸಿಕ್ಕಿದರೆ, ಸುಮ್ಮನೆ ದುಡ್ಡು ಕೊಟ್ಟು ಎದ್ದು ಬನ್ನಿ. ಅವನು ವ್ಯಾಪಾರಿ. ಬಟ್ಟೆ ಅವನ ಕಸುಬು, ಪಕ್ಕದಲ್ಲೇ ಇನ್ನೂ ಹತ್ತು ಜನ ಅಂಥವರಿದ್ದಾರೆ, ನಿಮ್ಮನ್ನ ನೋಡಿದ ಕೂಡಲೇ ನಿಮ್ಮ ಶೂ ನೋಡಿ ರೇಟು ಏರಿಸಿದ್ದಾನೆ. ಅದು ಜಾತ್ರೆ, ಅಲ್ಲಿ ಟವೆಲ್ ಕೆಳಗಿನ ಆಟ ಸರಿ. ಆನ್‌ಲೈನ್‌ನಲ್ಲಿ ಮಾರುವವರದ್ದೂ ಅದೇ ಲೆಕ್ಕ. ಹೊಸ್ತಿಲು ದಾಟಿ ಒಬ್ಬರ ಮನೆ ಒಳಗೆ ಹೋದಾಗ, ಟ್ರಂಕು ತೆಗೆದು ತೋರಿಸಿದಾಗ ಮಾತ್ರ ಲೆಕ್ಕ ಬೇರೆ. ಎಲ್ಲಿ ಯಾವುದು ಅಂತ ಗೊಂದಲ ಆದರೆ ನಾನು ಹೀಗೆ ಕೇಳಿಕೊಳ್ತೀನಿ: ನಾಳೆ ಈ ವಸ್ತುವಿನ ಫೋಟೋ ಹಾಕಿ, ನಿಜವಾದ ಬೆಲೆ ಇಷ್ಟು, ನನಗೆ ಸಿಕ್ಕಿದ್ದು ಇಷ್ಟಕ್ಕೆ ಅಂತ ಬರೆದರೆ, ಅದನ್ನ ಮಾರಿದವರ ಮೊಮ್ಮಗಳು ಓದಿ ಅವರಿಗೆ ಹೇಳಿದರೆ, ಪರವಾಗಿಲ್ಲವಾ? ಸಂಡೇ ಬಜಾರಿನವನು ನಕ್ಕು "ಹೋಗ್ಲಿ ಬಿಡಿ, ಮುಂದಿನ ಸಲ ನೋಡ್ಕೊಳ್ತೀನಿ" ಅಂತಾನೆ. ಅಜ್ಜಿ ಏನಂತಾಳೆ?

ಏನೂ ಅನ್ನಲ್ಲ ಅಂತ ನನಗನ್ನಿಸುತ್ತೆ. ನಮ್ಮ ಕಡೆಯ ಅಜ್ಜಿಯರು ಅಂಥ ಹೊತ್ತಲ್ಲಿ ಜಗಳ ಆಡಲ್ಲ. "ಹೋಗ್ಲಿ, ಚೆನ್ನಾಗಿ ಉಡ್ಲಿ" ಅಂದು ಸೊಪ್ಪು ಬಿಡಿಸೋಕೆ ಕೂತ್ಕೊಳ್ತಾರೆ. ಅವರು ಹಾಗಂತಾರೆ ಅಂತ ಗೊತ್ತಿರೋದರಿಂದಲೇ, ಹೇಳುವ ಕೆಲಸ ನಮ್ಮ ಮೇಲಿದೆ.

ವಿಂಟೇಜ್ ಪ್ರೀತಿಸುವ ಗೆಳೆಯ ಗೆಳತಿಯರಿಗೆ ನನ್ನದೇನೂ ತಕರಾರಿಲ್ಲ. ಹಳೇದರಲ್ಲಿ ಚೆಂದ ಕಾಣುವ ಕಣ್ಣು ದೊಡ್ಡ ವರ. ನಮ್ಮ ಮನೆಯವರೇ ಡಬರಿಗೆ ಹಾಕುವಂಥ ಬಟ್ಟೆಯಲ್ಲಿ ನೇಯ್ದವನ ಕೈ ಕಾಣುವ ಕಣ್ಣು ಅದು. ಹಳ್ಳಿಯಲ್ಲಿ ಬೆಳೆದ ನನಗೇ ಅದು ಬಂದಿದ್ದು ನಗರಕ್ಕೆ ಬಂದ ಮೇಲೆ. ಆ ಕಣ್ಣನ್ನ ಇನ್ನೊಬ್ಬರಿಗೂ ಒಂದು ನಿಮಿಷ ಕೊಟ್ಟರೆ ನಮ್ಮದೇನೂ ಕಡಿಮೆ ಆಗಲ್ಲ. ಸೀರೆಯ ಅಂಚು ಎತ್ತಿ ಹಿಡಿದು, ಸವೆದ ಎಳೆಯ ಒಳಗಿನ ಬಿಳಿ ತೋರಿಸಿ, "ಕಪ್ಪಾಗಿರೋದಕ್ಕೆ ನಾಚ್ಕೋಬೇಡಿ ಅಜ್ಜಿ, ಬೆಳ್ಳಿ ಆಗಿರೋದಕ್ಕೇ ಕಪ್ಪಾಗಿರೋದು" ಅಂತ ಹೇಳೋಕೆ ಎಷ್ಟು ಹೊತ್ತು ಬೇಕು? ಅವರ ಮುಖ ಒಂದು ಸಲ ನೋಡಿ. ಆಮೇಲೆ ಕೇಳಿ, ಎಷ್ಟಕ್ಕೆ ಕೊಡ್ತೀರಾ ಅಂತ.